ಜಾಮೀನು ಮಂಜೂರಾಗಿ 23 ದಿನ. ಶ್ಯೂರಿಟಿ ಇಲ್ಲದೆ ಹುಡುಗ ಇನ್ನೂ ಜೈಲಿನಲ್ಲಿದ್ದಾನೆ, ದಾರಿ ತಿಳಿಸಿ

ತಂತಿಗೆಲಸ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಮನೆಗಳ ವೈರಿಂಗ್ ಕೆಲಸವನ್ನು ಗುತ್ತಿಗೆ ಹಿಡಿಯುವವನು. ಕೋರ್ಟು ಕಚೇರಿಯ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ನನ್ನ ಬಳಿ ಎರಡು ವರ್ಷದಿಂದ ಕೆಲಸಕ್ಕಿದ್ದ ಒಡಿಶಾದ ಹುಡುಗನೊಬ್ಬನನ್ನು, ಬೇರೊಬ್ಬರ ಕಟ್ಟಡದಿಂದ ತಾಮ್ರದ ತಂತಿಯ ಸುರುಳಿಗಳು ಕಳುವಾದ ಪ್ರಕರಣದಲ್ಲಿ ಪೊಲೀಸರು ಬಂಧಿಸಿದರು. ಅವನು ಕದ್ದನೋ ಇಲ್ಲವೋ ಎಂಬುದನ್ನು ನಾನಿಲ್ಲಿ ವಾದಿಸಲು ಬಂದಿಲ್ಲ, ಅದನ್ನು ನ್ಯಾಯಾಲಯ ನೋಡಿಕೊಳ್ಳಲಿ. ಒಂಬತ್ತನೆಯ ದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. 50,000 ರೂಪಾಯಿಯ ವೈಯಕ್ತಿಕ ಬಾಂಡ್ ಮತ್ತು ಅಷ್ಟೇ ಮೊತ್ತಕ್ಕೆ ಇಬ್ಬರು ಸ್ಥಳೀಯರ ಶ್ಯೂರಿಟಿ, ಅಂದರೆ ಹೊಣೆ, ಕೊಡಬೇಕು ಎಂಬುದು ಷರತ್ತು.

ನಾನೇ ಶ್ಯೂರಿಟಿ ನಿಲ್ಲುತ್ತೇನೆಂದು ಪಹಣಿ ಹಿಡಿದುಕೊಂಡು ಹೋದೆ. ಜಮೀನು ಪಕ್ಕದ ಜಿಲ್ಲೆಯಲ್ಲಿದೆ, ಅದೂ ಅಣ್ಣಂದಿರ ಜೊತೆಗಿನ ಜಂಟಿ ಖಾತೆಯಲ್ಲಿದೆ ಎಂದು ಅದನ್ನು ಒಪ್ಪಲಿಲ್ಲ. ಊರಿನಲ್ಲಿ ಪರಿಚಯದ ನಾಲ್ವರನ್ನು ಕೇಳಿದೆ. ಮೂವರು ಹಿಂದಿವಾಲನಿಗೆ ಪಹಣಿ ಕೊಡುವುದೇ ಎಂದು ನಕ್ಕರು. ನಾಲ್ಕನೆಯವರು ಒಪ್ಪಿದ್ದರು, ಆದರೆ ಅವರ ಮಗ ಬಿಡಲಿಲ್ಲ. ಕೋರ್ಟ್ ಆವರಣದ ಹೊಂಗೆ ಮರದ ಕೆಳಗೆ ಒಬ್ಬ ವ್ಯಕ್ತಿ ತಾನಾಗಿಯೇ ಬಂದು, ತಲೆಗೆ ಎಂಟು ಸಾವಿರ ಕೊಟ್ಟರೆ ಇಬ್ಬರು ಶ್ಯೂರಿಟಿಯನ್ನು ಇವತ್ತೇ ನಿಲ್ಲಿಸುತ್ತೇನೆ ಎಂದ. ಭಯವಾಗಿ ಹಿಂದಿರುಗಿದೆ.

ಇನ್ನೊಂದು ವಿಷಯವಿದೆ. ಬಂಧನದ ಹೊತ್ತಿನಲ್ಲಿ ಅವನಿಂದ ಸಹಿ ಹಾಕಿಸಿಕೊಂಡ ಕಾಗದ ಪೂರ್ತಿ ಕನ್ನಡದಲ್ಲಿದೆ. ಅದರ ನಕಲನ್ನು ನೋಡಿದೆ. ಕೆಳಗೆ ಒಡಿಯಾ ಲಿಪಿಯ ದುಂಡು ಅಕ್ಷರಗಳಲ್ಲಿ ಅವನ ಹೆಸರಿದೆ. ಮೇಲೆ ಏನು ಬರೆದಿದೆ ಎಂಬುದು ಅವನಿಗೆ ಇಂದಿಗೂ ಗೊತ್ತಿಲ್ಲ. ಇದಕ್ಕೆಲ್ಲ ಕಾನೂನಿನಲ್ಲಿ ದಾರಿಯಿದೆಯೇ?

ಸುಮ್ನೆ_ಬಂದೆ

ತಂತಿ ಕಳೆದುಕೊಂಡ ಕಟ್ಟಡದ ಮಾಲೀಕನ ಬಗ್ಗೆ ಈ ವೇದಿಕೆಯಲ್ಲಿ ಯಾರೂ ಕಣ್ಣೀರು ಹಾಕುವುದಿಲ್ಲ ಎಂಬುದನ್ನು ಮೊದಲೇ ಊಹಿಸಿದ್ದೆ. ಕಳ್ಳನಿಗೆ ಮಾತ್ರ ಮಾನವ ಹಕ್ಕು.

ತುಂಗಾತೀರ

ಅವನು ಕಳ್ಳನೆಂದು ತೀರ್ಪು ಕೊಟ್ಟವರು ಯಾರು, ತಾವೇ? ಜಾಮೀನು ಕೊಟ್ಟವರು ಮಾನವ ಹಕ್ಕಿನವರಲ್ಲ, ಮ್ಯಾಜಿಸ್ಟ್ರೇಟರು. ಅವರು ಬಿಡಬಹುದು ಎಂದವನನ್ನು ಪಹಣಿ ಒಳಗಿಟ್ಟುಕೊಂಡಿದೆ.

ಕರಿಕೋಟು

ತಂತಿಗೆಲಸ ಅವರೇ, ವಕೀಲನಾಗಿ ಹೇಳುತ್ತೇನೆ, ಗಾಬರಿಯಾಗಬೇಡಿ. ಹೊಂಗೆ ಮರದ ಕಡೆ ಮಾತ್ರ ಮತ್ತೆ ಹೋಗಬೇಡಿ. ಅಂಥವರು ಒಂದೇ ಪಹಣಿಯನ್ನು ಹತ್ತು ಪ್ರಕರಣಗಳಿಗೆ ತೋರಿಸಿರುತ್ತಾರೆ, ಕೆಲವೊಮ್ಮೆ ಪಹಣಿಯೇ ನಕಲಿಯಾಗಿರುತ್ತದೆ. ಸಿಕ್ಕಿಬಿದ್ದ ದಿನ ಹುಡುಗನ ಜಾಮೀನೂ ಹೋಗುತ್ತದೆ, ಹಣ ಕೊಟ್ಟ ನಿಮ್ಮ ಹೆಸರೂ ಬರುತ್ತದೆ.

ನಿಮಗೆ ಈಗ ಬೇಕಾಗಿರುವುದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಜಾಮೀನಿನ ವಿಷಯದಲ್ಲಿ ಹೊರಡಿಸಿದ ಆದೇಶ. ಜಾಮೀನು ಕೊಟ್ಟ ನ್ಯಾಯಾಲಯವು ಆದೇಶದ ಪ್ರತಿಯನ್ನು ಅದೇ ದಿನ ಅಥವಾ ಮರುದಿನ ಇ-ಮೇಲ್ ಮೂಲಕ ಜೈಲು ಅಧೀಕ್ಷಕರಿಗೆ ಕಳುಹಿಸಬೇಕು. ಏಳು ದಿನದೊಳಗೆ ಕೈದಿ ಹೊರಗೆ ಬರದಿದ್ದರೆ, ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಸಲ್ಲಿಕೆಯಾಗದಿದ್ದರೆ ನ್ಯಾಯಾಲಯ ತಾನಾಗಿಯೇ ಷರತ್ತನ್ನು ಸಡಿಲಿಸುವ ಬಗ್ಗೆ ಪರಿಶೀಲಿಸಬಹುದು. ನಿಮ್ಮ ಲೆಕ್ಕದಲ್ಲಿ ಏಳು ದಿನ ಯಾವಾಗಲೋ ದಾಟಿದೆ, ತಿಂಗಳು ತುಂಬಿಲ್ಲ. ತಿಂಗಳಿಗಾಗಿ ಕಾಯಬೇಡಿ. ನಾಳೆಯೇ ಪ್ರಾಧಿಕಾರದ ಕಚೇರಿಗೆ ಹೋಗಿ. ಬಂಧನದಲ್ಲಿರುವವನಿಗೆ ಉಚಿತ ವಕೀಲರನ್ನು ಕೊಡಲು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಅವಕಾಶವಿದೆ. ದೂರವಾಣಿಯಲ್ಲಿ ವಿಚಾರಿಸಬೇಕೆಂದರೆ 15100 ಸಹಾಯವಾಣಿಯಿದೆ.

ಸ್ಥಳೀಯ ಶ್ಯೂರಿಟಿಯ ಷರತ್ತನ್ನು ಹಾಕುವಂತೆಯೇ ಇಲ್ಲ ಎಂದೂ ಅದೇ ಆದೇಶದಲ್ಲಿದೆ.

ಕಟಕಟೆ

ಕೊನೆಯ ಸಾಲಿಗೆ ಒಂದು ತಿದ್ದುಪಡಿ. ಸ್ಥಳೀಯ ಶ್ಯೂರಿಟಿಗೆ ಪಟ್ಟು ಹಿಡಿಯುವುದರಿಂದ ಬಿಡುಗಡೆ ತಡವಾಗುತ್ತಿದೆ, ಅಂಥ ಪ್ರಕರಣಗಳಲ್ಲಿ ನ್ಯಾಯಾಲಯಗಳು ಆ ಷರತ್ತನ್ನು ಹಾಕದಿರಬಹುದು ಎಂದು ಆದೇಶ ಸೂಚಿಸಿದೆ. ಅದು ಸಲಹೆ, ನಿಷೇಧವಲ್ಲ. ನಾನು ನ್ಯಾಯಾಲಯದ ಸಿಬ್ಬಂದಿ, ಹೀಗಾಗಿ ಇಂಥ ವ್ಯತ್ಯಾಸಗಳು ಕಣ್ಣಿಗೆ ಬೀಳುತ್ತವೆ.

ಎದುರಿನ ಮೇಜಿನ ಮಾತನ್ನೂ ಸ್ವಲ್ಪ ಕೇಳಿ. ಆರೋಪಿ ಊರು ಬಿಟ್ಟರೆ ಸಮನ್ಸ್ ಜಾರಿಯಾಗದೆ ವಾಪಸು ಬರುತ್ತದೆ, ವಾರಂಟ್ ಹೊರಡುತ್ತದೆ, ಅದೂ ವಾಪಸು ಬರುತ್ತದೆ. ಮೂವರು ಆರೋಪಿಗಳಲ್ಲಿ ಒಬ್ಬ ನಾಪತ್ತೆಯಾದರೆ ಅವನ ಮೇಲಿನ ಪ್ರಕರಣವನ್ನು ಸ್ಪ್ಲಿಟ್ ಅಪ್ ಮಾಡಬೇಕು, ಅಂದರೆ ಉಳಿದವರದ್ದರಿಂದ ಬೇರ್ಪಡಿಸಬೇಕು. ವರ್ಷಗಟ್ಟಲೆ ಸಿಗದಿದ್ದರೆ ಅದು ಎಲ್‌ಪಿಸಿ (ದೀರ್ಘಕಾಲ ಬಾಕಿಯಿರುವ ಪ್ರಕರಣಗಳ) ಕಪಾಟಿಗೆ ಹೋಗುತ್ತದೆ. ಆ ಕಪಾಟಿನ ಧೂಳು ಒರೆಸಿದವನು ನಾನು. ಪಹಣಿ ಕೇಳುವ ಅಭ್ಯಾಸ ಕ್ರೌರ್ಯದಿಂದ ಹುಟ್ಟಿದ್ದಲ್ಲ.

ಕರಿಕೋಟು

ತಿದ್ದುಪಡಿ ಒಪ್ಪಿದೆ, ಅವಸರದಲ್ಲಿ ಬರೆದೆ. ಆದರೆ ಕಪಾಟಿನ ವಾದಕ್ಕೆ ಒಂದು ಪ್ರಶ್ನೆ: ಎಲ್‌ಪಿಸಿಗೆ ಹೋದ ಆ ಕಡತಗಳಲ್ಲಿ ಎಷ್ಟರಲ್ಲಿ ಶ್ಯೂರಿಟಿಯ ಪಹಣಿ ಇರಲಿಲ್ಲ?

ಕಟಕಟೆ

ಎಲ್ಲದರಲ್ಲೂ ಇತ್ತು. ಅದು ನಿಜ.

ಓದುಗ_87

ಈ ಚರ್ಚೆಯ ವಿಷಯ 1978ರಷ್ಟು ಹಳೆಯದು. ಮಧ್ಯಪ್ರದೇಶದ ಮೋತಿ ರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಶ್ಯೂರಿಟಿ ಕೇಳಿದರು, ಅಂದಿನ ಹತ್ತು ಸಾವಿರ! ಅವನ ಸಹೋದರ ಶ್ಯೂರಿಟಿ ನಿಲ್ಲಲು ಬಂದರೆ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಿರಸ್ಕರಿಸಿದರು. ತಂತಿಗೆಲಸ ಅವರ ಪಹಣಿಯ ಕಥೆಯನ್ನು ಓದುವಾಗ ಇದೇ ನೆನಪಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಕೇಳಿದ ಪ್ರಶ್ನೆಯೊಂದು ನಮಗೇ ನೇರವಾಗಿ ತಾಗುವಂಥದ್ದು: ಒಬ್ಬ ಮಲಯಾಳಿಯನ್ನೋ ಕನ್ನಡಿಗನನ್ನೋ ಬಸ್ತರ್‌ನಲ್ಲಿ, ಪೋರ್ಟ್ ಬ್ಲೇರ್‌ನಲ್ಲಿ ಅಥವಾ ಚಾಂದನಿ ಚೌಕದಲ್ಲಿ ಬಂಧಿಸಿದರೆ, ಅಲ್ಲಿ ಆಸ್ತಿಯಿರುವ ಶ್ಯೂರಿಟಿಯನ್ನು ಅವನು ಎಲ್ಲಿಂದ ತರಬೇಕು? ಕೊನೆಗೆ ಮೋತಿ ರಾಮ್‌ನನ್ನು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಆದೇಶವಾಯಿತು.

ಹಿಂದಿವಾಲನೆಂದು ನಕ್ಕ ಆ ಮೂವರು ಮಹನೀಯರಿಗೆ ಈ ಪ್ರಶ್ನೆಯನ್ನು ಓದಿ ಹೇಳಿ. ಒಡಿಶಾದವರ ಭಾಷೆ ಒಡಿಯಾ ಎಂಬುದನ್ನೂ ಸೇರಿಸಿ ಹೇಳಿ.

ನಿವೃತ್ತ_ಖಾಕಿ

ಇಪ್ಪತ್ತೊಂಬತ್ತು ವರ್ಷ ಇಲಾಖೆಯಲ್ಲಿ ದುಡಿದವನು ನಾನು. ಎಲ್ಲರೂ ಪೊಲೀಸರ ಮೇಲೆ ಮುಗಿಬೀಳುವ ಮೊದಲು ನನ್ನ ಮಾತು ಕೇಳಿ. ಠಾಣೆಯ ಹುಡುಗರಿಗೆ ಒಡಿಯಾ ಎಲ್ಲಿಂದ ಬರಬೇಕು? ಠಾಣೆಯ ಬರವಣಿಗೆ ನೋಡುವ ರೈಟರ್ ಕನ್ನಡದಲ್ಲಿ ಬರೆದರೆ, ಬರುವಷ್ಟು ಹಿಂದಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಷ್ಟಕ್ಕೇ ಬಂಧನ ಅಕ್ರಮವೆಂದರೆ ಕರ್ನಾಟಕದಲ್ಲಿ ಹೊರರಾಜ್ಯದವರನ್ನು ಹಿಡಿಯುವಂತೆಯೇ ಇಲ್ಲ.

ಕರಿಕೋಟು

ಖಾಕಿ ಸರ್, ಗೌರವದಿಂದಲೇ ಹೇಳುತ್ತೇನೆ, ಬಾಯಿಮಾತಿನ ಕಾಲ ಮುಗಿದಿದೆ. 2025ರ ನವೆಂಬರ್ 6ರಂದು ಸುಪ್ರೀಂ ಕೋರ್ಟ್ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ, ಯಾವ ಅಪರಾಧವೇ ಆಗಿರಲಿ, ಬಂಧನದ ಕಾರಣಗಳನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು ಎಂದು ಹೇಳಿದೆ. ಕೂಡಲೇ ಬರೆದುಕೊಡಲು ಸಾಧ್ಯವಾಗದ ಸಂದರ್ಭದಲ್ಲಿ ಮೊದಲು ಬಾಯಿಮಾತಿನಲ್ಲಿ ಹೇಳಬಹುದು. ಆದರೆ ರಿಮ್ಯಾಂಡ್‌ಗಾಗಿ (ಬಂಧನದಲ್ಲೇ ಮುಂದುವರಿಸುವ ಆದೇಶಕ್ಕಾಗಿ) ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹ ಅವನ ಕೈಯಲ್ಲಿರಬೇಕು. ಇಲ್ಲದಿದ್ದರೆ ಬಂಧನ ಮತ್ತು ರಿಮ್ಯಾಂಡ್ ಎರಡೂ ಅಕ್ರಮವಾಗುತ್ತವೆ.

ಭಾಷೆಯ ಮಾತೂ ಹೊಸದೇನಲ್ಲ. 1962ರಲ್ಲಿ ಹರಿಕಿಶನ್ ಎಂಬವರಿಗೆ ಮುಂಜಾಗ್ರತಾ ಬಂಧನದ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಬಾಯಲ್ಲಿ ಅನುವಾದಿಸಿ ಹೇಳಿದ್ದೇವೆ ಎಂದಾಗ, ಅದು ಸಾಲದು ಎಂದು ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತ್ತು.

ಬಯಲುಸೀಮೆ

ಒಂದು ನಿಮಿಷ ವಕೀಲರೇ. 2025ರ ಆಗಸ್ಟ್‌ನಲ್ಲಿ ನಮ್ಮದೇ ರಾಜ್ಯದ ನಟರೊಬ್ಬರ ಜಾಮೀನನ್ನು ಅದೇ ಸುಪ್ರೀಂ ಕೋರ್ಟ್ ರದ್ದುಪಡಿಸಿತಲ್ಲ? ಬರಹದಲ್ಲಿ ಕಾರಣ ಕೊಡಲಿಲ್ಲ ಎಂಬ ಒಂದೇ ಮಾತಿಗೆ ಬಂಧನ ಅಕ್ರಮವಾಗುವುದಿಲ್ಲ, ಅದರಿಂದ ಆರೋಪಿಗೆ ನಿಜವಾಗಿಯೂ ತೊಂದರೆಯಾಗಿದೆಯೆಂದು ತೋರಿಸಬೇಕು ಎಂದು ಅಲ್ಲಿ ಹೇಳಿತ್ತು. ಮೂರೇ ತಿಂಗಳಲ್ಲಿ ಮಾತು ಬದಲಾಯಿತೇ? ನಾವು ಯಾವುದನ್ನು ನಂಬಬೇಕು?

ಸುಮ್ನೆ_ಬಂದೆ

ಆ ನಟನ ವಿಷಯ ತೆಗೆದಿರಾ, ಇನ್ನು ಈ ಚರ್ಚೆ ಇನ್ನೂರು ಪುಟಕ್ಕೆ ಹೋಗುತ್ತದೆ.

ನಿರ್ವಾಹಕ

ಹೋಗುವುದಿಲ್ಲ. ನಟನ ಪರ ಮತ್ತು ವಿರೋಧದ ಏಳು ಪ್ರತಿಕ್ರಿಯೆಗಳನ್ನು ಈಗಷ್ಟೇ ತೆಗೆದುಹಾಕಿದ್ದೇನೆ. ತೀರ್ಪಿನ ಕಾನೂನಿನ ಅಂಶವನ್ನು ಚರ್ಚಿಸಬಹುದು, ವ್ಯಕ್ತಿಯನ್ನಲ್ಲ.

ಕರಿಕೋಟು

ಬಯಲುಸೀಮೆಯವರ ಪ್ರಶ್ನೆ ಸರಿಯಾದದ್ದೇ. ಎರಡೂ ಪೀಠಗಳ ಮಾತಿನಲ್ಲಿ ಎಳೆದಾಟವಿರುವುದನ್ನು ನಾನು ಮುಚ್ಚಿಡುವುದಿಲ್ಲ. ಆಗಸ್ಟ್‌ನ ತೀರ್ಪು ಕೊಲೆ ಪ್ರಕರಣದ್ದು, ಅಲ್ಲಿ ಆರೋಪಿಗಳಿಗೆ ಬಂಧನದ ಕಾರಣ ಗೊತ್ತೇ ಇತ್ತು ಎಂಬ ನೆಲೆಯ ಮೇಲೆ ನಿಂತದ್ದು. ನವೆಂಬರ್‌ನ ತೀರ್ಪು ಮುಂದಿನ ಬಂಧನಗಳಿಗೆ ಒಂದು ನಿಯಮ ಹಾಕಿಕೊಟ್ಟದ್ದು. ಈ ಹುಡುಗನ ಬಂಧನ ಅದರ ನಂತರದ್ದಾದ್ದರಿಂದ ಅದನ್ನೇ ನಾನು ಮುಂದಿಡುತ್ತೇನೆ. ತಿಳಿಯದ ಲಿಪಿಯ ಕೆಳಗೆ ಹಾಕಿದ ಸಹಿಗಿಂತ ದೊಡ್ಡ ತೊಂದರೆ ಬೇಕೆನ್ನುವವರ ಜೊತೆ ಹೈಕೋರ್ಟಿನಲ್ಲಿ ವಾದಿಸಲು ನಾನು ಸಿದ್ಧ.

ಹಾಗಿದ್ದರೂ ನನ್ನ ಸಲಹೆ ಬೇರೆ. ಜಾಮೀನು ಕೈಯಲ್ಲಿರುವಾಗ ಈಗ ಬಂಧನದ ಸಿಂಧುತ್ವದ ಬೆನ್ನು ಹತ್ತಬೇಡಿ. ಮೊದಲು ಹುಡುಗ ಹೊರಗೆ ಬರಲಿ, ಆ ಕಾಗದದ ನಕಲನ್ನು ಜೋಪಾನವಾಗಿಡಿ.

ಕುಂದಾಪ್ರ_ಹೆಣ್ಣು

ಅದಕ್ಕೂ ಹಿಂದಿನದನ್ನು ಯಾರೂ ಕೇಳುತ್ತಿಲ್ಲವಲ್ಲ. ಸಾಮಾನ್ಯ ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಲ್ಲಿ ಹೆಚ್ಚೆಂದರೆ ಮೂರು ವರ್ಷದ ಶಿಕ್ಷೆ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ಮೊದಲು ಹಾಜರಾಗಲು ನೋಟಿಸ್ ಕೊಡಿ, ಬಂಧಿಸಿದರೆ ಏಕೆಂದು ಬರೆದಿಡಿ ಎಂದು 2014ರಲ್ಲೇ ಅರ್ನೇಶ್ ಕುಮಾರ್ ತೀರ್ಪು ಬಂದಿದೆ. ಈಗ ಅದೇ ನೋಟಿಸ್, ಹಳೆಯ ಸಿಆರ್‌ಪಿಸಿಯ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 35(3)ನೇ ಕಲಮಿನಲ್ಲಿದೆ. ಹುಡುಗನಿಗೆ ನೋಟಿಸ್ ಕೊಟ್ಟಿದ್ದರೆ ಜೈಲೂ ಇಲ್ಲ, ಶ್ಯೂರಿಟಿಯೂ ಇಲ್ಲ, ಈ ಚರ್ಚೆಯೂ ಇಲ್ಲ.

ನಿವೃತ್ತ_ಖಾಕಿ

ಮೇಡಂ, ನೋಟಿಸನ್ನು ಯಾವ ವಿಳಾಸಕ್ಕೆ ಕೊಡುವುದು? ಕಟ್ಟಡದ ಪಕ್ಕದ ತಗಡಿನ ಶೆಡ್ಡಿಗೆ? ಬೆಳಗಾಗುವಷ್ಟರಲ್ಲಿ ಹುಡುಗ ರೈಲು ಹತ್ತಿದರೆ ತನಿಖಾಧಿಕಾರಿಗೆ ಮೆಮೊ ಬರುತ್ತದೆ, ನಿಮಗಲ್ಲ. ವಾಟ್ಸ್‌ಆ್ಯಪ್‌ನಲ್ಲಿ ನೋಟಿಸ್ ಕಳುಹಿಸಿದರೆ ಅದು ನಡೆಯದು ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿತು. ಅತ್ತ ದರಿ, ಇತ್ತ ಪುಲಿ.

ತಂತಿಗೆಲಸ

ಸರ್, ಅವನಿದ್ದದ್ದು ತಗಡಿನ ಶೆಡ್ಡಿನಲ್ಲಲ್ಲ, ನನ್ನ ಗೋದಾಮಿನ ಮೇಲಿನ ಕೋಣೆಯಲ್ಲಿ. ಬಾಡಿಗೆ ಕರಾರಿನ ಪತ್ರವಿದೆ. ಅವನನ್ನು ಕರೆದೊಯ್ಯಲು ಬಂದವರು ಸೀದಾ ಅಲ್ಲಿಗೇ ಬಂದರು.

ನಿವೃತ್ತ_ಖಾಕಿ

ಹಾಗಿದ್ದರೆ ನೋಟಿಸ್ ಕೊಡಬಹುದಿತ್ತು. ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಇನ್ನೂ ಒಂದು ಮಾತು, ಇದನ್ನು ಇಲಾಖೆಯವನಾಗಿ ಹೇಳುವುದು ಕಷ್ಟ: ಕಳವು ಪ್ರಕರಣ ಬಾಕಿಯಿದೆ ಎಂದು ಮೇಲಿನವರು ವಾರದ ಸಭೆಯಲ್ಲಿ ಕೇಳುವುದು ಎಷ್ಟು ಜನರನ್ನು ಹಿಡಿದಿರಿ ಎಂದು. ಎಷ್ಟು ನೋಟಿಸ್ ಕೊಟ್ಟಿರಿ ಎಂದು ನನ್ನನ್ನು ಯಾರೂ ಒಮ್ಮೆಯೂ ಕೇಳಲಿಲ್ಲ.

ಜೋಳದರೊಟ್ಟಿ

ನಮ್ಮ ಸೋದರಮಾವನ ಮಗನದು ಇದಕ್ಕಿಂತ ಸಣ್ಣ ಗೋಳು, ಆದರೂ ಬರೆಯುತ್ತೇನೆ. ಶುಕ್ರವಾರ ಸಂಜೆ ಜಾಮೀನಾಯಿತು, ಶ್ಯೂರಿಟಿಯೂ ಸಿದ್ಧವಿತ್ತು. ಬಿಡುಗಡೆ ಆದೇಶ ಹಿಡಿದುಕೊಂಡು ಜೈಲಿನ ಬಾಗಿಲಿಗೆ ಹೋಗುವಷ್ಟರಲ್ಲಿ ಎಣಿಕೆ ಮುಗಿದು ಬ್ಯಾರಕ್‌ಗೆ ಬೀಗ ಬಿದ್ದಿತ್ತು. ಮರುದಿನ ಹೋದರೆ ಆದೇಶದಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಾಗಿದೆ ಎಂದರು. ತಿದ್ದಿಸಬೇಕೆಂದರೆ ಸೋಮವಾರವೇ ಗತಿ. ಬಸಪ್ಪ ಬಸ್ಸಪ್ಪನಾಗಿದ್ದಕ್ಕೆ ನಮ್ಮ ಹುಡುಗ ಮೂರು ರಾತ್ರಿ ಹೆಚ್ಚಿಗೆ ಒಳಗೆ ಕಳೆದ. ಅತ್ತೆ ಇಂದಿಗೂ ಮದುವೆಯ ಕಾರ್ಡಿನಲ್ಲಿ ಹೆಸರು ಓದುವಾಗ ಬೆರಳಿಟ್ಟು ಅಕ್ಷರ ಎಣಿಸುತ್ತಾರೆ.

ತುಂಗಾತೀರ

ಇದು ಯಾರೋ ಒಬ್ಬಿಬ್ಬರ ಕಥೆಯಲ್ಲ ಎಂಬುದಕ್ಕೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಲೆಕ್ಕವೇ ಇದೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ.

ಬಯಲುಸೀಮೆ

ಅವರೆಲ್ಲ ಜಾಮೀನು ಸಿಕ್ಕಿಯೂ ಒಳಗಿರುವವರಲ್ಲ, ಈ ಎರಡನ್ನು ಕಲಸಬೇಡಿ. ಬಹುಪಾಲು ಜನರಿಗೆ ಜಾಮೀನೇ ಸಿಕ್ಕಿರುವುದಿಲ್ಲ. ಇನ್ನು ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದಲ್ಲ, ಅದನ್ನು ಯಾರೂ ಹೇಳಲಿಲ್ಲ.

ಓದುಗ_87

ಕೊಡಬಹುದು, ಶುಲ್ಕವೂ ಇಲ್ಲ. ಘಟನೆಯಾಗಿ ಒಂದು ವರ್ಷದೊಳಗೆ ಕೊಡಬೇಕು, ಅದು 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 36ನೇ ಕಲಮು. ಆದರೆ ಆಯೋಗ ಶಿಫಾರಸು ಮಾಡಬಲ್ಲದು, ಬಾಗಿಲ ಬೀಗ ತೆಗೆಸಲಾರದು. ಹೊಡೆತ ತಿಂದಿದ್ದರೆ, ಕೈಕೋಳ ಹಾಕಿ ಬೀದಿಯಲ್ಲಿ ನಡೆಸಿದ್ದರೆ ಆ ದಾರಿ ಹಿಡಿಯಿರಿ. ಹಾಗೆ ನಡೆಸಿದ್ದಕ್ಕೆ 2022ರಲ್ಲಿ ನಮ್ಮ ಹೈಕೋರ್ಟ್ ಕಾನೂನು ವಿದ್ಯಾರ್ಥಿಯೊಬ್ಬರಿಗೆ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದೂ ಇದೆ. ಶ್ಯೂರಿಟಿಯ ವಿಷಯಕ್ಕೆ ಮ್ಯಾಜಿಸ್ಟ್ರೇಟರ ಮುಂದಿನ ಅರ್ಜಿಯೇ ಹತ್ತಿರದ ದಾರಿ.

ಕಟಕಟೆ

ಆ ಅರ್ಜಿಯ ಬಗ್ಗೆ ನಾನೇ ಹೇಳುತ್ತೇನೆ, ನಿತ್ಯ ಕಣ್ಣೆದುರಿಗೆ ಬರುವಂಥದ್ದು. ನಾಗರಿಕ ಸುರಕ್ಷಾ ಸಂಹಿತೆಯ 490ನೇ ಕಲಮಿನಡಿ ಶ್ಯೂರಿಟಿಯ ಬದಲು ನಗದು ಠೇವಣಿಯಿಡಲು ಅನುಮತಿ ಕೇಳಬಹುದು. ಬಾಂಡಿನ ಮೊತ್ತ ಅತಿಯಾಗಿರಬಾರದು ಎಂದು 484ನೇ ಕಲಮು ಹೇಳುತ್ತದೆ. ಮ್ಯಾಜಿಸ್ಟ್ರೇಟರು ಒಪ್ಪದಿದ್ದರೆ ಅದರಡಿಯೇ ಸೆಷನ್ಸ್ ನ್ಯಾಯಾಲಯಕ್ಕೆ ಹೋಗಬಹುದು. ಅರ್ಜಿಯ ಜೊತೆ ಬಾಡಿಗೆ ಕರಾರು, ಹುಡುಗನ ಆಧಾರ್ ನಕಲು, ಎರಡು ವರ್ಷದಿಂದ ನಿಮ್ಮ ಬಳಿ ಕೆಲಸಕ್ಕಿದ್ದಾನೆಂಬ ನಿಮ್ಮ ಪ್ರಮಾಣಪತ್ರ ಇವನ್ನು ಲಗತ್ತಿಸಿ. ಕೂಲಿ ಕೊಟ್ಟ ಪುಸ್ತಕವಿದ್ದರೆ ಅದರ ಎರಡು ಪುಟವನ್ನೂ ಇಡಿ. ನ್ಯಾಯಾಧೀಶರಿಗೆ ಬೇಕಾಗಿರುವುದು ಇವನು ಕರೆದಾಗ ಬರುತ್ತಾನೆಂಬ ಭರವಸೆ. ಜಮೀನಿಲ್ಲದವನಿಗೂ ಊರಿನಲ್ಲಿ ಬೇರಿದೆ ಎಂಬುದನ್ನು ಕಾಗದದಲ್ಲಿ ತೋರಿಸಬೇಕು.

ಠೇವಣಿಗೂ ಹಣವಿಲ್ಲದಿದ್ದರೆ ಬಡ ಕೈದಿಗಳಿಗೆ ನೆರವಾಗುವ ಕೇಂದ್ರದ ಯೋಜನೆಯಿದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನರಿಗೆ 40,000 ರೂಪಾಯಿವರೆಗೆ ಎಂದಿತ್ತು. ಕಾನೂನು ಸೇವಾ ಪ್ರಾಧಿಕಾರದಲ್ಲೇ ವಿಚಾರಿಸಿ.

ಸುಮ್ನೆ_ಬಂದೆ

ಒಂದು ಪ್ರಾಮಾಣಿಕ ಪ್ರಶ್ನೆ, ವ್ಯಂಗ್ಯವಲ್ಲ. ಹೊರಗೆ ಬಂದ ಮೇಲೆ ಅವನು ನಿಜವಾಗಿಯೂ ಓಡಿಹೋದರೆ ಠೇವಣಿಯಿಟ್ಟವರ ಗತಿಯೇನು?

ಕರಿಕೋಟು

ಠೇವಣಿ ಮುಟ್ಟುಗೋಲಾಗುತ್ತದೆ, 491ನೇ ಕಲಮು. ವ್ಯಂಗ್ಯವಿಲ್ಲದೆ ಕೇಳಿದ್ದಕ್ಕೆ ವ್ಯಂಗ್ಯವಿಲ್ಲದ ಉತ್ತರ.

ತಂತಿಗೆಲಸ

ಹನ್ನೊಂದು ದಿನದ ನಂತರ ಬರೆಯುತ್ತಿದ್ದೇನೆ. ಪ್ರಾಧಿಕಾರದ ಕಚೇರಿಗೆ ಹೋದೆ. ಅಲ್ಲಿ ಹುಡುಗನ ಹೆಸರು ಬಂದೇ ಇರಲಿಲ್ಲ, ಅಂದರೆ ಏಳನೆಯ ದಿನ ಜೈಲಿನಿಂದ ಹೋಗಬೇಕಿದ್ದ ಪತ್ರ ಹೋಗಿರಲಿಲ್ಲ. ಕಾನೂನು ನೆರವಿನ ವಕೀಲರಾಗಿ ಬಂದವರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಕಟಕಟೆಯವರು ಹೇಳಿದ ಕಾಗದಗಳನ್ನೆಲ್ಲ ಇಟ್ಟು ಮೂರನೆಯ ದಿನ ಅರ್ಜಿ ಹಾಕಿದರು. ಸರ್ಕಾರಿ ಅಭಿಯೋಜಕರು ವಿರೋಧಿಸಿದರು, ಹೊರರಾಜ್ಯದವನು ಎಂಬ ಅದೇ ಮಾತು. ನ್ಯಾಯಾಧೀಶರು ನನ್ನನ್ನೇ ಮುಂದೆ ಕರೆದು, ಇವನು ಬಾರದಿದ್ದರೆ ನೀವು ಹುಡುಕಿ ತರುತ್ತೀರಾ ಎಂದು ಕೇಳಿದರು. ತರುತ್ತೇನೆ ಎಂದೆ. ಇಬ್ಬರು ಸ್ಥಳೀಯರ ಶ್ಯೂರಿಟಿಯ ಷರತ್ತನ್ನು ತೆಗೆದು, ವೈಯಕ್ತಿಕ ಬಾಂಡ್ ಮತ್ತು 10,000 ರೂಪಾಯಿ ಠೇವಣಿಗೆ ಇಳಿಸಿದರು.

ಜೋಳದರೊಟ್ಟಿಯವರ ಕಥೆ ನೆನಪಿದ್ದುದರಿಂದ ಬಿಡುಗಡೆ ಆದೇಶದ ಅಕ್ಷರಗಳನ್ನು ಕೋರ್ಟಿನ ಕಟ್ಟೆಯ ಮೇಲೆಯೇ ಕುಳಿತು ಎರಡು ಸಲ ಓದಿದೆ. ಮರುದಿನ ಬೆಳಿಗ್ಗೆ ಅವನು ಹೊರಗೆ ಬಂದ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಿಡಿದುಕೊಂಡು ಹೋದ ದಿನದ ಅಂಗಿ. ಬೈಕ್ ಹತ್ತುವ ಮೊದಲು ಅವನು ಕೇಳಿದ್ದು ಆ ಕನ್ನಡದ ಕಾಗದದಲ್ಲಿ ಏನಿತ್ತು ಎಂದು. ನಕಲು ನನ್ನ ಜೇಬಿನಲ್ಲೇ ಇತ್ತು. ನನ್ನ ಹರಕು ಹಿಂದಿಯಲ್ಲಿ ಓದಿ ಹೇಳಿದೆ. ಬಂಧನದ ಕಾರಣಗಳನ್ನು ಆರೋಪಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಸಾಲು ಬಂದಾಗ ಅದನ್ನೂ ಹೇಳಿದೆ.

ತುಂಗಾತೀರ

ಏನೆಂದ?

ತಂತಿಗೆಲಸ

ಏನೂ ಅನ್ನಲಿಲ್ಲ, ತನ್ನ ಸಹಿ ಎಲ್ಲಿದೆ ತೋರಿಸಿ ಎಂದ. ಈಗ ಇನ್ನೊಂದು ಕಷ್ಟವಿದೆ. ಅವನ ಮೊಬೈಲನ್ನು ಜಪ್ತಿ ಮಾಡಿದ್ದಾರೆ. ಅಮ್ಮನ ಪಕ್ಕದ ಮನೆಯವರ ನಂಬರು ಅದರಲ್ಲೇ ಇದೆ, ಅವನಿಗೆ ಬಾಯಿಪಾಠವಿಲ್ಲ. ಅದನ್ನು ಬಿಡಿಸಿಕೊಳ್ಳುವುದು ಹೇಗೆ?

ಕರಿಕೋಟು

ಅದೇ ನ್ಯಾಯಾಲಯದಲ್ಲಿ ಮಧ್ಯಂತರ ಸುಪರ್ದಿಗೆ (ಪ್ರಕರಣ ಮುಗಿಯುವವರೆಗೆ ವಸ್ತುವನ್ನು ವಶಕ್ಕೆ ಪಡೆಯಲು) ಅರ್ಜಿ ಹಾಕಿಸಿ, ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ನೇ ಕಲಮು. ಪ್ರಕರಣ ಯಾವ ಹಂತದಲ್ಲಿದೆ ಎಂಬುದರ ಮೇಲೆ ನಿಮ್ಮ ವಕೀಲರು ನಿರ್ಧರಿಸುತ್ತಾರೆ. ಕೊಂಡ ರಸೀದಿ ಇದೆಯೇ?

ತಂತಿಗೆಲಸ

ರಸೀದಿಯಿಲ್ಲ. ಐಎಂಇಐ ಸಂಖ್ಯೆಯಿರುವ ಡಬ್ಬಿ ಗೋದಾಮಿನ ಮೇಲಿನ ಕೋಣೆಯಲ್ಲಿದೆ, ಅದರಲ್ಲಿ ಅವನು ಸ್ಕ್ರೂಗಳನ್ನು ಹಾಕಿಟ್ಟಿದ್ದಾನೆ.

ಕಟಕಟೆ

ಸ್ಕ್ರೂಗಳನ್ನು ಬೇರೆ ಡಬ್ಬಿಗೆ ಸುರಿದು ಅದನ್ನು ತನ್ನಿ, ಸಾಕು.